ಕರ್ನಲ್ ಬದಲಿಸುವ ಮುನ್ನ ಮರಳುವ ದಾರಿ ನೋಡಿಕೊಳ್ಳಿ

ಅಂಗಡಿಯಿಂದ ಪೆಟ್ಟಿಗೆಯಲ್ಲಿ ಬರುವ ಕಂಪ್ಯೂಟರಿನಲ್ಲಿ ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ವೈಫೈ ಎಲ್ಲವೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ತಯಾರಿಸಿದವರು ನೋಡಿಯೇ ಕಳಿಸಿರುತ್ತಾರೆ. ಬಿಡಿಭಾಗ ತಂದು ನಾವೇ ಜೋಡಿಸಿದ ಡೆಸ್ಕ್‌ಟಾಪಿಗೆ ಆ ಭಾಗ್ಯವಿಲ್ಲ. ಲಿನಕ್ಸ್‌ನ ಹೊಸ ಕರ್ನಲ್ (ಯಂತ್ರಾಂಶವನ್ನು ನಡೆಸುವ ಅದರ ತಿರುಳು) ಈ ಜೋಡಣೆಯ ಮೇಲೆ ಸರಿಯಾಗಿ ಓಡುತ್ತದೆಯೇ ಎಂದು ಮೊದಲು ಪರೀಕ್ಷಿಸುವವರು ನಾವೇ. ಹಾಗೆಂದು ಹೆದರಿ ವರ್ಷಗಟ್ಟಲೆ ಹಳೆಯ ಕರ್ನಲ್‌ನಲ್ಲೇ ಕೂರುವುದೂ ತಪ್ಪು, ಏಕೆಂದರೆ ಭದ್ರತೆಯ ತಿದ್ದುಪಡಿಗಳಲ್ಲಿ ಎಷ್ಟೋ ಬರುವುದು ಕರ್ನಲ್ ಮೂಲಕವೇ. ಮಾಡಬೇಕಾದದ್ದು ಇಷ್ಟು: ಮುಂದಕ್ಕೆ ಕಾಲಿಡುವ ಮೊದಲು ಹಿಂದಕ್ಕೆ ಬರುವ ದಾರಿ ತೆರೆದಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳುವುದು. ಅಪ್‌ಡೇಟ್ ಎಂಬುದು ಎರಡು ಸಾಲಿನ ಕೆಲಸ. ಈ ಬರಹದ ಹೆಚ್ಚಿನ ಪಾಲು ಆ ದಾರಿಗೆ ಮೀಸಲು.

ನಾನು ಶಿವಮೊಗ್ಗದಲ್ಲಿ ಪುಸ್ತಕಗಳ ಪುಟವಿನ್ಯಾಸ ಮಾಡುವವಳು. ನನ್ನ ಕಂಪ್ಯೂಟರಿನ ಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು: ರೈಜೆನ್ 5 5600 ಪ್ರೊಸೆಸರ್, ಬಿ550 ಚಿಪ್‌ಸೆಟ್‌ನ ಮದರ್‌ಬೋರ್ಡ್, ಒಂದು ಎನ್ವಿಡಿಯಾ ಕಾರ್ಡ್, ಎರಡು ಎಸ್‌ಎಸ್‌ಡಿ. ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಡೆಬಿಯನ್ 13 ಲಿನಕ್ಸ್ ಇದೆ. ಹಳೆಯ ಸಾಟಾ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇದೆ. ಲೇಖಕರು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿ ಕಳಿಸುವ ಹಳೆಯ ಫೈಲ್‌ಗಳಿಗೆ ಅದು ಬೇಕೇ ಬೇಕು. ಇಲ್ಲಿ ಹೇಳುವ ಕ್ರಮ ಡೆಬಿಯನ್, ಉಬುಂಟು, ಮಿಂಟ್ ಬಳಸುವವರಿಗೆ ಹೆಚ್ಚು ಕಡಿಮೆ ಹಾಗೆಯೇ ಹೊಂದುತ್ತದೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವಂತೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಬೇಕು.

ಗುಂಡಿ ಒತ್ತಿದ ಮೇಲೆ ಏನಾಗುತ್ತದೆ

ಇದನ್ನು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ಸಾವಧಾನವಾಗಿ ನೋಡೋಣ. ವಿದ್ಯುತ್ ಗುಂಡಿ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಫರ್ಮ್‌ವೇರ್. ನಾವು ರೂಢಿಯಲ್ಲಿ ಬಯೋಸ್ ಎನ್ನುತ್ತೇವೆ. ಇಂದಿನ ಬೋರ್ಡ್‌ಗಳಲ್ಲಿ ಅದು ಯುಇಎಫ್ಐ. ಅದರ ಸ್ವಂತ ನೆನಪಿನಲ್ಲಿ ಒಂದು ಪಟ್ಟಿ ಇರುತ್ತದೆ: ಯಾವ ಡಿಸ್ಕಿನ ಯಾವ ಪಾರ್ಟಿಷನ್‌ನಲ್ಲಿರುವ ಯಾವ ಫೈಲ್ ಅನ್ನು ಓಡಿಸಬೇಕು ಎಂಬುದು. ಆ ಪಾರ್ಟಿಷನ್ನೇ ಇಎಫ್ಐ ಸಿಸ್ಟಂ ಪಾರ್ಟಿಷನ್. ಸಾಮಾನ್ಯವಾಗಿ ಫ್ಯಾಟ್32 ಮಾದರಿಯ ಚಿಕ್ಕ ಜಾಗ. ಡೆಬಿಯನ್‌ನಲ್ಲಿ ಅದು ಬೂಟ್ ಫೋಲ್ಡರಿನೊಳಗೆ ಇಎಫ್ಐ ಎಂಬ ಹೆಸರಿನಲ್ಲಿ ಕಾಣುತ್ತದೆ. ಅಲ್ಲಿ ಡೆಬಿಯನ್ ಎಂಬ ಫೋಲ್ಡರಿನಲ್ಲಿ ಶಿಮ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಶಿಮ್ ಗ್ರಬ್ ಎಂಬ ಬೂಟ್‌ಲೋಡರನ್ನು, ಅಂದರೆ ಕರ್ನಲನ್ನು ಏಳಿಸುವ ಪ್ರೋಗ್ರಾಮನ್ನು, ಎಬ್ಬಿಸುತ್ತದೆ. ಗ್ರಬ್ ಬಂದು ಕರ್ನಲ್ ಮತ್ತು ಡಿಸ್ಕ್ ಕಾಣಲು ಬೇಕಾದ ಡ್ರೈವರ್‌ಗಳಿರುವ ಅದರ ಜೊತೆಗಾರ ಇನಿಟ್‌ಆರ್‌ಡಿ ಫೈಲ್ ಎರಡನ್ನೂ ನೆನಪಿಗೆ ತುಂಬಿಸಿ ಕೈಬಿಡುತ್ತದೆ. ಆಮೇಲಿನದು ಕರ್ನಲ್‌ನ ಹೊಣೆ.

ಶಿಮ್ ಮತ್ತು ಗ್ರಬ್ ಇರುವ ಆ ಫೋಲ್ಡರಿನಲ್ಲಿ ಗ್ರಬ್ ಡಾಟ್ ಸಿಎಫ್‌ಜಿ ಎಂಬ ಫೈಲ್ ಒಂದಿದೆ. ದಯವಿಟ್ಟು ಒಮ್ಮೆ ತೆರೆದು ನೋಡಿ. ಮೂರೇ ಸಾಲು. ಮೊದಲ ಸಾಲಿನಲ್ಲಿ ಉದ್ದನೆಯ ಒಂದು ಯುಯುಐಡಿ, ಅಂದರೆ ನಿಮ್ಮ ಲಿನಕ್ಸ್ ಪಾರ್ಟಿಷನ್‌ನ ಗುರುತಿನ ಸಂಖ್ಯೆ. ಎರಡನೆಯದರಲ್ಲಿ ಬೂಟ್ ಗ್ರಬ್ ಫೋಲ್ಡರ್ ಎಲ್ಲಿದೆ ಎಂಬ ವಿಳಾಸ. ಮೂರನೆಯದು ಅಲ್ಲಿರುವ ದೊಡ್ಡ ಗ್ರಬ್ ಡಾಟ್ ಸಿಎಫ್‌ಜಿಯನ್ನು ಓದು ಎನ್ನುವ ಅಪ್ಪಣೆ. ಮೆನು, ಕರ್ನಲ್‌ಗಳ ಪಟ್ಟಿ ಎಲ್ಲ ಇರುವುದು ಆ ದೊಡ್ಡ ಫೈಲಿನಲ್ಲಿ. ಮೂರು ಸಾಲಿನ ಈ ಫೈಲ್ ತಪ್ಪಾದ ಪಾರ್ಟಿಷನ್ ಕಡೆ ಕೈ ತೋರಿಸಿದರೆ, ಕರ್ನಲ್ ಎಷ್ಟೇ ಚೆನ್ನಾಗಿದ್ದರೂ ಪರದೆಯ ಮೇಲೆ ಬರಿಯ ಗ್ರಬ್ ಪ್ರಾಂಪ್ಟ್ ಬಂದು ನಿಲ್ಲುತ್ತದೆ. ಡಿಸ್ಕ್ ಬದಲಿಸಿದವರಿಗೆ, ಪಾರ್ಟಿಷನ್ ಫಾರ್ಮ್ಯಾಟ್ ಮಾಡಿ ಬ್ಯಾಕಪ್‌ನಿಂದ ಮರಳಿ ತುಂಬಿದವರಿಗೆ ಆಗುವ ತೊಂದರೆ ಬಹುಪಾಲು ಇದೇ.

ಯಾವ ಡಿಸ್ಕಿನಿಂದ ಏಳುತ್ತಿದೆ?

ಎರಡು ಡಿಸ್ಕ್ ಇರುವ ಮನೆಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು. ಲಿನಕ್ಸ್ ಹೊಸ ಎನ್‌ವಿಎಂಇಯಲ್ಲಿದೆ ಎಂದು ನಾವು ನೆಮ್ಮದಿಯಾಗಿರುತ್ತೇವೆ, ಆದರೆ ಅದನ್ನು ಸ್ಥಾಪಿಸುವಾಗ ಗ್ರಬ್ ಹೋಗಿ ಕೂತಿರುವುದು ಹಳೆಯ ಡಿಸ್ಕಿನ ವಿಂಡೋಸ್ ಇಎಫ್ಐ ಪಾರ್ಟಿಷನ್‌ನಲ್ಲಿ. ಹಳೆಯ ಡಿಸ್ಕ್ ಕಳಚಿದ ದಿನ ಎರಡೂ ಮಾಯ. ಕಂಡುಹಿಡಿಯುವುದು ಸುಲಭ. ಮೊದಲು

ಫೈಂಡ್‌ಮೌಂಟ್ /ಬೂಟ್/ಇಎಫ್ಐ

ಎಂದು ಕೊಡಿ. ಎನ್‌ವಿಎಂಇ0ಎನ್1ಪಿ1 ಎಂದೋ ಎಸ್‌ಡಿಎ1 ಎಂದೋ ಉತ್ತರ ಬರುತ್ತದೆ. ನಂತರ ಇಎಫ್ಐ, ಬೂಟ್, ಎಂಜಿಆರ್ ಮೂರನ್ನೂ ಕೂಡಿಸಿ ಒಂದೇ ಪದವಾಗಿ ಬರೆದು, ಮುಂದೆ ಜಾಗ ಬಿಟ್ಟು -ವಿ ಸೇರಿಸಿ ಸುಡೊ (ಆಡಳಿತಗಾರರ ಅಧಿಕಾರ ಕೊಡುವ ಕಮಾಂಡ್) ಜೊತೆ ಓಡಿಸಿ. ಫರ್ಮ್‌ವೇರ್ ನೆನಪಿಟ್ಟುಕೊಂಡಿರುವ ಪಟ್ಟಿ ಪೂರ್ತಿ ಕಾಣುತ್ತದೆ. ಬೂಟ್‌ಕರೆಂಟ್ ಎಂಬ ಸಾಲು ಈಗ ಯಾವ ನಮೂದಿನಿಂದ ಎದ್ದಿದ್ದೀರಿ ಎಂದು ಹೇಳುತ್ತದೆ. ಅದೇ ಸಂಖ್ಯೆಯ ಸಾಲಿನಲ್ಲಿ ಜಿಪಿಟಿ ಎಂಬುದರ ಪಕ್ಕದಲ್ಲಿರುವ ಉದ್ದ ಸಂಖ್ಯೆಯನ್ನು ಬಿಎಲ್‌ಕೆಐಡಿ ಕಮಾಂಡ್ ತೋರಿಸುವ ಪಾರ್ಟ್‌ಯುಯುಐಡಿಗಳ ಜೊತೆ ಹೋಲಿಸಿ. ಎರಡೂ ಒಂದೇ ಪಾರ್ಟಿಷನ್ ಕಡೆ ತೋರಿಸಿದರೆ ಸರಿ. ಬೇರೆ ಬೇರೆಯಾಗಿದ್ದರೆ, ನೀವು ಅಪ್‌ಡೇಟ್ ಮಾಡುವ ಗ್ರಬ್ ಒಂದು, ಕಂಪ್ಯೂಟರನ್ನು ಎಬ್ಬಿಸುವ ಗ್ರಬ್ ಇನ್ನೊಂದು. ಅದನ್ನು ಸರಿಪಡಿಸುವವರೆಗೆ ಕರ್ನಲ್ ಮುಟ್ಟಬೇಡಿ.

ಹಳೆಯ ಬಯೋಸ್ ಪದ್ಧತಿಯಲ್ಲಿ ಏಳುವ ಕಂಪ್ಯೂಟರ್‌ಗಳಲ್ಲಿ ಇದೇ ಅಪಾಯ ಇನ್ನೂ ಮರೆಯಲ್ಲಿರುತ್ತದೆ. ಅಲ್ಲಿ ಗ್ರಬ್ ಎರಡು ತುಂಡು. ಒಂದು ತುಂಡು ಡಿಸ್ಕಿನ ಆರಂಭದ ಸೆಕ್ಟರ್‌ಗಳಲ್ಲಿ, ಯಾವ ಫೋಲ್ಡರಿನಲ್ಲೂ ಕಾಣದಂತೆ ಇರುತ್ತದೆ. ಇನ್ನೊಂದು ಬೂಟ್ ಗ್ರಬ್ ಫೋಲ್ಡರಿನಲ್ಲಿ ಮಾಡ್ಯೂಲ್‌ಗಳ ರೂಪದಲ್ಲಿ ಇರುತ್ತದೆ. ಎರಡೂ ಒಂದೇ ಆವೃತ್ತಿಯದಾಗಿರಬೇಕು. 2020ರ ಜುಲೈ ಕೊನೆಯಲ್ಲಿ ಬೂಟ್‌ಹೋಲ್ ಎಂಬ ಭದ್ರತಾ ದೋಷಕ್ಕೆ ಗ್ರಬ್ ತಿದ್ದುಪಡಿ ಬಂದಾಗ ಇದು ಎಷ್ಟೋ ಜನರಿಗೆ ಅರಿವಾಯಿತು. ಸಾಗರದ ಒಬ್ಬ ಮೇಷ್ಟ್ರು ಆಗ ನನಗೆ ಫೋನ್ ಮಾಡಿದರು. "ಅಕ್ಕಾ, ಅಪ್‌ಡೇಟ್ ಮಾಡಿದ್ದಷ್ಟೇ. ಈಗ ಸಿಂಬಲ್ ಗ್ರಬ್ ಕ್ಯಾಲಾಕ್ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಗ್ರಬ್ ರೆಸ್ಕ್ಯೂ ಎಂದು ನಿಂತುಬಿಟ್ಟಿದೆ."

"ಮೇಷ್ಟ್ರೇ, ಮೊದಲಿನ ಹಾರ್ಡ್‌ಡಿಸ್ಕ್ ಇನ್ನೂ ಒಳಗೇ ಇದೆಯೇ?" ಎಂದು ಕೇಳಿದೆ.

ಇತ್ತು. ಅವರು ಎಸ್‌ಎಸ್‌ಡಿ ಹಾಕಿಸಿಕೊಂಡ ಮೇಲೆ ಹಾರ್ಡ್‌ಡಿಸ್ಕನ್ನು ಪಾಠದ ವಿಡಿಯೋ ಇಡಲು ಉಳಿಸಿಕೊಂಡಿದ್ದರು. ಗ್ರಬ್‌ನ ಪ್ಯಾಕೇಜ್ ಮಾತ್ರ ತನ್ನ ಹಳೆಯ ದಾಖಲೆಯಂತೆ ಹೊಸ ಮೊದಲ ತುಂಡನ್ನು ಹಾರ್ಡ್‌ಡಿಸ್ಕಿಗೇ ಬರೆದಿತ್ತು. ಎಸ್‌ಎಸ್‌ಡಿಯ ತಲೆಯಲ್ಲಿ ಹಳೆಯ ತುಂಡು, ಫೋಲ್ಡರಿನಲ್ಲಿ ಹೊಸ ಮಾಡ್ಯೂಲ್‌ಗಳು. ಎರಡಕ್ಕೂ ಮಾತು ಹೊಂದಲಿಲ್ಲ. ಬೂಟ್ ಮೆನುವಿನಲ್ಲಿ ಹಾರ್ಡ್‌ಡಿಸ್ಕನ್ನೇ ಆರಿಸಿ ಎಂದೆ. ಡೆಬಿಯನ್ ಎದ್ದಿತು, ಹೊಸ ತುಂಡು ಅಲ್ಲೇ ಇತ್ತಲ್ಲ. ಬಳಿಕ

ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ

ಕೊಟ್ಟು, ಕೇಳಿದಾಗ ಎಸ್‌ಎಸ್‌ಡಿಯ ಮುಂದೆ ಗುರುತು ಹಾಕಿಸಿದೆ. ಹಳೆಯ ಡಿಸ್ಕ್ ಬದಲಿಸಿ ಹೊಸದಕ್ಕೆ ಹೋದವರೆಲ್ಲ ಈ ಒಂದು ಕಮಾಂಡನ್ನು ಇವತ್ತೇ ಓಡಿಸಿ ನೋಡಿಕೊಳ್ಳಬೇಕು. ಪಾರ್ಟಿಷನ್‌ಗೆ ಅಲ್ಲ, ಇಡೀ ಡಿಸ್ಕಿಗೆ ಗುರುತು ಹಾಕಿ.

ಸಿದ್ಧತೆ

ಕೈಗೆ ಸಿಗುವಲ್ಲಿ ಡೆಬಿಯನ್ ಅಥವಾ ಉಬುಂಟುವಿನ ಲೈವ್ ಪೆನ್‌ಡ್ರೈವ್, ಅಂದರೆ ಡಿಸ್ಕಿನಲ್ಲಿ ಸ್ಥಾಪಿಸದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್, ಒಂದಿರಲಿ. ಅದರಿಂದ ಕಂಪ್ಯೂಟರ್ ನಿಜವಾಗಿಯೂ ಏಳುತ್ತದೆಯೇ ಎಂದು ಅಪ್‌ಡೇಟ್‌ಗೆ ಮೊದಲೇ ಒಮ್ಮೆ ಏಳಿಸಿ ನೋಡಿ. ನಿಮ್ಮ ಬೋರ್ಡ್‌ನಲ್ಲಿ ಬೂಟ್ ಮೆನು ತೆರೆಯುವ ಕೀಲಿ ಎಫ್8ರೋ ಎಫ್11ರೋ ಎಫ್12ರೋ ಎಂಬುದೂ ಆಗಲೇ ತಿಳಿದಿರುತ್ತದೆ. ಕಷ್ಟ ಬಂದಾಗ ಇದನ್ನು ಹುಡುಕುತ್ತ ಕೂರುವುದು ಬೇಡ. ನಿಮ್ಮ ದಸ್ತಾವೇಜುಗಳ ಬ್ಯಾಕಪ್ ಬಗ್ಗೆ ಪ್ರತ್ಯೇಕ ಹೇಳುವುದಿಲ್ಲ. ಅದಿಲ್ಲದೆ ಇದನ್ನು ಓದುವ ಅಗತ್ಯವೇ ಇಲ್ಲ, ಮೊದಲು ಅದನ್ನು ಮಾಡಿ.

ಮುಂದೆ ಬೂಟ್ ಫೋಲ್ಡರಿನ ಜಾಗ. ಡಿಎಫ್ -ಎಚ್ /ಬೂಟ್ ಎಂದು ಕೊಟ್ಟರೆ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಬೂಟ್‌ಗೆ ಪ್ರತ್ಯೇಕ ಪಾರ್ಟಿಷನ್ ಮಾಡಿ ಅರ್ಧ ಜಿಬಿ ಮಾತ್ರ ಕೊಟ್ಟವರು, ಅದರಲ್ಲೂ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದವರು, ಇಲ್ಲಿ ಎಚ್ಚರದಿಂದಿರಬೇಕು. ಗ್ರಾಫಿಕ್ಸ್ ಫರ್ಮ್‌ವೇರ್ ಸೇರಿಕೊಂಡು ಇನಿಟ್‌ಆರ್‌ಡಿ ಫೈಲ್‌ಗಳು ಈಗ ಬಹಳ ದಪ್ಪವಾಗಿವೆ. ಜಾಗ ಸಾಲದೆ ಆ ಫೈಲ್ ಅರ್ಧಕ್ಕೇ ನಿಂತರೆ ಕರ್ನಲ್ ತನ್ನ ಡಿಸ್ಕನ್ನು ಕಾಣಲಾರದೆ ಪ್ಯಾನಿಕ್ ಆಗುತ್ತದೆ, ಅಂದರೆ ಮುಂದೆ ಹೋಗದೆ ನಿಂತುಬಿಡುತ್ತದೆ. ರೂಟ್ ಫೈಲ್‌ಸಿಸ್ಟಂ ಮೌಂಟ್ ಮಾಡಲಾಗಲಿಲ್ಲ, ಅನ್‌ನೋನ್ ಬ್ಲಾಕ್ 0,0 ಎಂಬ ಸಂದೇಶ ಬರುವುದು ಹೀಗೆ. ಜಾಗ ಕಡಿಮೆಯಿದ್ದರೆ ಸುಡೊ ಆಪ್ಟ್ ಆಟೋರಿಮೂವ್ ಮಾಡಿ. ಅದು ಈಗ ಓಡುತ್ತಿರುವ ಕರ್ನಲನ್ನು ತೆಗೆಯುವುದಿಲ್ಲ. ಬೂಟ್ ಫೋಲ್ಡರಿಗೆ ಹೋಗಿ ಫೈಲ್‌ಗಳನ್ನು ಕೈಯಿಂದ ಅಳಿಸುವ ಚಪಲ ಮಾತ್ರ ಬೇಡ.

ಮೂರನೆಯದು ಗ್ರಬ್ ಮೆನು ಕಾಣುವಂತೆ ಮಾಡುವುದು. ಉಬುಂಟುವಿನಲ್ಲಿ ಅದು ಮರೆಯಾಗಿರುತ್ತದೆ. ಇಟಿಸಿ ಫೋಲ್ಡರಿನ ಡೀಫಾಲ್ಟ್ ಒಳಗಿರುವ ಗ್ರಬ್ ಫೈಲಿನಲ್ಲಿ ಗ್ರಬ್_ಟೈಮ್‌ಔಟ್_ಸ್ಟೈಲ್ ಎಂಬುದಕ್ಕೆ (ಈ ಫೈಲಿನ ಇಂಥ ಹೆಸರುಗಳು ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ) ಮೆನು ಎಂದೂ, ಗ್ರಬ್_ಟೈಮ್‌ಔಟ್ ಎಂಬುದಕ್ಕೆ 5 ಎಂದೂ ಕೊಡಿ. ವಿಂಡೋಸ್ ಕೂಡ ಇರುವವರು ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್ ಎಂಬುದಕ್ಕೆ ಫಾಲ್ಸ್ ಎಂದು ಬರೆಯಬೇಕು. ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಕೆಲಸವನ್ನು ತಾನಾಗಿ ಮಾಡುವುದನ್ನು ಅದು ನಿಲ್ಲಿಸಿದೆ. ಕೊನೆಗೆ ಸುಡೊ ಅಪ್‌ಡೇಟ್-ಗ್ರಬ್.

ಯಾವ ಕರ್ನಲ್ ಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ನಿಮ್ಮ ಡಿಸ್ಟ್ರಿಬ್ಯೂಷನ್ (ಡೆಬಿಯನ್, ಉಬುಂಟು ಇತ್ಯಾದಿ) ಕೊಡುವ ಕರ್ನಲನ್ನೇ ಬಳಸಿ. ಡೆಬಿಯನ್ 13ರಲ್ಲಿರುವ 6.12 ದೀರ್ಘಕಾಲ ಬೆಂಬಲವಿರುವ ಸಾಲು, 2024ರ ನವೆಂಬರಿನಲ್ಲಿ ಬಂದದ್ದು. ಹೊಸ ಸಂಖ್ಯೆಯ ಆಸೆಗೆ ಮೂಲದಿಂದ ಕಟ್ಟಿದ ಅಥವಾ ಸಹಿ ಇಲ್ಲದ ಕರ್ನಲ್ ಹಾಕಿಕೊಂಡರೆ ಸಹಿ ಇರುವುದನ್ನು ಮಾತ್ರ ಓಡಲು ಬಿಡುವ ಫರ್ಮ್‌ವೇರಿನ ಸೆಕ್ಯೂರ್ ಬೂಟ್ ಅದನ್ನು ಒಪ್ಪುವುದಿಲ್ಲ, ಭದ್ರತಾ ತಿದ್ದುಪಡಿಗಳ ಹೊಣೆಯೂ ನಿಮ್ಮ ತಲೆಗೇ ಬರುತ್ತದೆ. ಹೊಸ ಯಂತ್ರಾಂಶಕ್ಕೆ ಬೇಕಾದಾಗ ಮಾತ್ರ ಹೊಸ ಕರ್ನಲ್. ಉದಾಹರಣೆಗೆ 2025ರ ಮಾರ್ಚ್‌ನಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 9070 ಕಾರ್ಡಿಗೆ ಡೆಬಿಯನ್ 12ರ 6.1 ಕರ್ನಲ್‌ನಲ್ಲಿ ಡ್ರೈವರ್ ಇರಲೇ ಇಲ್ಲ. ಅಂಥವರಿಗೆಂದು ಡೆಬಿಯನ್ನೇ ಸಹಿ ಹಾಕಿ ಬ್ಯಾಕ್‌ಪೋರ್ಟ್ಸ್ ಎಂಬ ಪ್ರತ್ಯೇಕ ಭಂಡಾರದಲ್ಲಿ ಇಡುವ ಕರ್ನಲ್ ಇದೆ.

ಅಪ್‌ಡೇಟ್

ಈ ಭಾಗ ಚಿಕ್ಕದು.

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಅಪ್‌ಗ್ರೇಡ್

ಆಪ್ಟ್-ಗೆಟ್ ಅಪ್‌ಗ್ರೇಡ್ ಎಂದು ಹಳೆಯ ಅಭ್ಯಾಸದಲ್ಲಿ ಹೊಡೆಯಬೇಡಿ. ಡೆಬಿಯನ್‌ನಲ್ಲಿ ಹೊಸ ಕರ್ನಲ್ ಹೊಸ ಹೆಸರಿನ ಪ್ಯಾಕೇಜಾಗಿ ಬರುತ್ತದೆ, ಆಪ್ಟ್-ಗೆಟ್ ಅಪ್‌ಗ್ರೇಡ್ ಹೊಸ ಪ್ಯಾಕೇಜ್ ಸೇರಿಸುವುದಿಲ್ಲ, ಹಾಗಾಗಿ ಕರ್ನಲ್ ತಡೆಹಿಡಿದ ಪಟ್ಟಿಯಲ್ಲೇ ಉಳಿಯುತ್ತದೆ. ಲಿನಕ್ಸ್-ಇಮೇಜ್-ಎಎಂಡಿ64 ಮತ್ತು ಲಿನಕ್ಸ್-ಹೆಡರ್ಸ್-ಎಎಂಡಿ64 ಎಂಬ ಎರಡು ಪ್ಯಾಕೇಜ್‌ಗಳು ಸ್ಥಾಪನೆಯಾಗಿದ್ದರೆ ಕರ್ನಲ್ ಮತ್ತು ಅದರ ಹೆಡರ್‌ಗಳು (ಡ್ರೈವರ್ ಕಟ್ಟಲು ಬೇಕಾಗುವ ಫೈಲ್‌ಗಳು) ಜೊತೆಯಾಗಿಯೇ ಬರುತ್ತವೆ. ಇಂಟೆಲ್ ಪ್ರೊಸೆಸರ್ ಇದ್ದರೂ ಹೆಸರು ಎಎಂಡಿ64 ಎಂದೇ ಇರುತ್ತದೆ, ಗಾಬರಿ ಬೇಡ.

ಪರದೆಯ ಮೇಲೆ ಹರಿಯುವ ಸಾಲುಗಳನ್ನು ಓದಿ. ಪಾಸಿಬಲ್ ಮಿಸ್ಸಿಂಗ್ ಫರ್ಮ್‌ವೇರ್ ಎಂಬ ಎಚ್ಚರಿಕೆಗಳು ನಿಮ್ಮ ಬಳಿ ಇಲ್ಲದ ಕಾರ್ಡ್‌ಗಳ ಬಗ್ಗೆ ಇದ್ದರೆ ಲೆಕ್ಕಿಸಬೇಕಿಲ್ಲ. ನೋ ಸ್ಪೇಸ್ ಲೆಫ್ಟ್ ಎಂಬ ಸಾಲು ಕಂಡರೆ ಮಾತ್ರ ಅಲ್ಲೇ ನಿಲ್ಲಿ, ಜಾಗ ಮಾಡಿ, ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್ ಎಂದು ಕೊಟ್ಟು ಮತ್ತೆ ಕಟ್ಟಿಸಿ. ಅಲ್ಲಿಯವರೆಗೆ ರೀಸ್ಟಾರ್ಟ್ ಮಾಡುವಂತಿಲ್ಲ. ಎಲ್ಲ ಮುಗಿದ ಮೇಲೆ ಎಲ್‌ಎಸ್ -ಎಲ್‌ಎಚ್ /ಬೂಟ್ ಎಂದು ನೋಡಿ. ವಿಎಂಲಿನಜ್ ಎಂದು ಶುರುವಾಗುವ ಪ್ರತಿಯೊಂದು ಫೈಲಿಗೂ ಅದೇ ಸಂಖ್ಯೆಯ ಇನಿಟ್‌ಆರ್‌ಡಿ ಫೈಲ್ ಇರಬೇಕು, ಗಾತ್ರವೂ ಹಳೆಯದರ ಆಸುಪಾಸಿನಲ್ಲಿರಬೇಕು. ಹಳೆಯದು 90 ಎಂಬಿ ಇದ್ದು ಹೊಸದು 12 ಎಂಬಿ ಎಂದು ಕಂಡರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಎನ್ವಿಡಿಯಾ ಕಾರ್ಡ್ ಇರುವವರು ಇಲ್ಲಿ ಇನ್ನೊಂದು ಹೆಜ್ಜೆ ಇಡಬೇಕು. ಆ ಡ್ರೈವರ್ ಕರ್ನಲ್ ಜೊತೆ ಬರುವುದಿಲ್ಲ. ಡಿಕೆಎಂಎಸ್ ಎಂಬ ವ್ಯವಸ್ಥೆ ಪ್ರತಿ ಹೊಸ ಕರ್ನಲ್‌ಗೂ ಅದನ್ನು ನಿಮ್ಮ ಕಂಪ್ಯೂಟರಿನಲ್ಲೇ ಹೊಸದಾಗಿ ಕಟ್ಟುತ್ತದೆ. ಸುಡೊ ಡಿಕೆಎಂಎಸ್ ಸ್ಟೇಟಸ್ ಎಂದು ಕೊಟ್ಟರೆ ಹೊಸ ಕರ್ನಲ್ ಸಂಖ್ಯೆಯ ಮುಂದೆ ಇನ್‌ಸ್ಟಾಲ್ಡ್ ಎಂದಿರಬೇಕು. ಆಡೆಡ್ ಎಂದೋ ಬಿಲ್ಟ್ ಎಂದೋ ಮಾತ್ರ ಇದ್ದರೆ ಕೆಲಸ ಅರ್ಧಕ್ಕೇ ನಿಂತಿದೆ. ಬಹುಪಾಲು ಸಲ ಕಾರಣ ಹೆಡರ್ ಪ್ಯಾಕೇಜ್ ಇಲ್ಲದಿರುವುದು. ಹಳೆಯ ಕಾರ್ಡ್‌ಗಳ ಹಳೆಯ ಡ್ರೈವರ್ ಸಾಲುಗಳು ಹೊಸ ಕರ್ನಲ್ ಮೇಲೆ ಕಟ್ಟಲು ಆಗದೆ ಸೋಲುವುದೂ ಉಂಟು. ಆಗ ವಾರ್ ಫೋಲ್ಡರಿನ ಲಿಬ್ ಒಳಗೆ ಡಿಕೆಎಂಎಸ್‌ನಲ್ಲಿರುವ ಮೇಕ್ ಡಾಟ್ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಿ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಈ ಡ್ರೈವರಿಗೆ ನಿಮ್ಮದೇ ಕೀಲಿಯ ಸಹಿ ಬೇಕು. ಆ ಕೀಲಿಯನ್ನು ಮೋಕ್‌ಯುಟಿಲ್ ಎಂಬ ಕಮಾಂಡ್ ಮೂಲಕ ಮುಂದಿಟ್ಟು, ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ಎನ್‌ರೋಲ್ ಮಾಡಬೇಕು. ಆ ನೀಲಿ ಪರದೆ ಕೆಲವೇ ಕ್ಷಣ ಕಾಯುತ್ತದೆ. ಕುರ್ಚಿ ಬಿಟ್ಟು ಏಳಬೇಡಿ.

ಹೊಸದನ್ನು ಒಮ್ಮೆ ಮಾತ್ರ ಓಡಿಸಿ ನೋಡುವುದು

ಹೆಚ್ಚಿನವರು ಈ ಸೌಲಭ್ಯ ಬಳಸುವುದೇ ಇಲ್ಲ, ನನಗೆ ಇದು ಅಚ್ಚುಮೆಚ್ಚು. ಪುಸ್ತಕ ಮುದ್ರಣಕ್ಕೆ ಹೋಗುವ ವಾರದಲ್ಲಿ ಭದ್ರತಾ ತಿದ್ದುಪಡಿ ಬಂದರೂ ಇದನ್ನು ನಂಬಿ ಹಾಕಿಕೊಳ್ಳುತ್ತೇನೆ. ಇಟಿಸಿ ಡೀಫಾಲ್ಟ್ ಗ್ರಬ್ ಫೈಲಿನಲ್ಲಿ ಗ್ರಬ್_ಡೀಫಾಲ್ಟ್ ಎಂಬುದಕ್ಕೆ ಸೇವ್ಡ್ ಎಂದು ಕೊಟ್ಟು ಅಪ್‌ಡೇಟ್-ಗ್ರಬ್ ಮಾಡಿ. ಬಳಿಕ

ಸುಡೊ ಗ್ರಬ್-ಸೆಟ್-ಡೀಫಾಲ್ಟ್ '1>2'
ಸುಡೊ ಗ್ರಬ್-ರೀಬೂಟ್ 0

ಗ್ರಬ್ ಎಣಿಕೆ ಸೊನ್ನೆಯಿಂದ ಶುರು. ಸೊನ್ನೆ ಎಂದರೆ ಮೆನುವಿನ ಮೊದಲ ಸಾಲು, ಅಂದರೆ ಹೊಚ್ಚಹೊಸ ಕರ್ನಲ್. 1 ಎಂದರೆ ಅಡ್ವಾನ್ಸ್ಡ್ ಆಪ್ಷನ್ಸ್ ಎಂಬ ಒಳಮೆನು. ಅದರೊಳಗೆ ಹೊಸ ಕರ್ನಲ್, ಅದರ ರಿಕವರಿ, ನಂತರ ಹಳೆಯ ಕರ್ನಲ್ ಎಂಬ ಕ್ರಮವಿರುವುದರಿಂದ ಹಳೆಯದು 2. ಮೊದಲ ಕಮಾಂಡ್ ಹಳೆಯದನ್ನೇ ಖಾಯಂ ಮಾಡುತ್ತದೆ, ಎರಡನೆಯದು ಮುಂದಿನ ಒಂದು ಸಲಕ್ಕೆ ಮಾತ್ರ ಹೊಸದನ್ನು ಏಳಿಸುತ್ತದೆ. ಹೊಸದು ಕಪ್ಪು ಪರದೆಯಲ್ಲಿ ಸಿಕ್ಕಿಕೊಂಡರೆ ರೀಸೆಟ್ ಗುಂಡಿ ಒತ್ತಿ ಸುಮ್ಮನಿದ್ದರೆ ಸಾಕು, ಹಳೆಯದು ತಾನೇ ಬರುತ್ತದೆ. ಬೂಟ್ ಫೋಲ್ಡರ್ ಸಾಧಾರಣ ಎಕ್ಸ್ಟ್4 ಪಾರ್ಟಿಷನ್‌ನಲ್ಲಿದ್ದರೆ ಇದು ಕೆಲಸ ಮಾಡುತ್ತದೆ. ಬಿಟಿಆರ್‌ಎಫ್‌ಎಸ್ ಅಥವಾ ಎಲ್‌ವಿಎಂ ಮೇಲಿದ್ದರೆ ಗ್ರಬ್‌ಗೆ ಅಲ್ಲಿ ಬರೆಯಲು ಬರುವುದಿಲ್ಲ, ಹಾಗಾಗಿ ಒಂದು ಸಲಕ್ಕೆ ಎಂದದ್ದು ಪ್ರತಿ ಸಲಕ್ಕೂ ಉಳಿದುಬಿಡುತ್ತದೆ. ಹೊಸ ಕರ್ನಲ್ ಮನಸ್ಸಿಗೆ ಬಂದ ಮೇಲೆ ಗ್ರಬ್-ಸೆಟ್-ಡೀಫಾಲ್ಟ್ 0 ಎಂದು ಕೊಟ್ಟು ಮುಗಿಸಿ. ಮರೆತರೆ ಮುಂದಿನ ಅಪ್‌ಡೇಟ್‌ನಲ್ಲಿ ಎಣಿಕೆ ಸರಿದು 2ರ ಜಾಗಕ್ಕೆ ಬೇರೆ ಕರ್ನಲ್ ಬಂದಿರುತ್ತದೆ.

ಎದ್ದ ಮೇಲೆ ಯುನೇಮ್ -ಆರ್ ಕೊಟ್ಟು ಸಂಖ್ಯೆ ನೋಡಿ. ಸಿಸ್ಟಂಸಿಟಿಎಲ್ --ಫೇಲ್ಡ್ ಮತ್ತು ಜರ್ನಲ್‌ಸಿಟಿಎಲ್ -ಬಿ -ಪಿ ಇಆರ್‌ಆರ್ ಎರಡರ ಉತ್ತರಗಳನ್ನೂ ಓದಿ. ಕೆಂಪು ಸಾಲು ಕಂಡ ಕೂಡಲೇ ಹೆದರಬೇಕಿಲ್ಲ. ಹಳೆಯ ಕರ್ನಲ್‌ನಲ್ಲೂ ಅದೇ ಸಾಲು ಬರುತ್ತಿತ್ತೇ ಎಂದು ಜರ್ನಲ್‌ಸಿಟಿಎಲ್ -ಬಿ -1 ಎಂದು ಕೊಟ್ಟು ಹಿಂದಿನ ಸಲದ ದಾಖಲೆಯ ಜೊತೆ ಹೋಲಿಸಿ. ಆಮೇಲೆ ನಿಮ್ಮ ನಿತ್ಯದ ಕೆಲಸದ ಪರೀಕ್ಷೆ. ನಾನು ಎನ್ವಿಡಿಯಾ-ಎಸ್‌ಎಂಐ ಕೊಟ್ಟು ಕಾರ್ಡ್ ಸಿಕ್ಕಿದೆಯೇ ನೋಡಿ, ಡಾರ್ಕ್‌ಟೇಬಲ್‌ನಲ್ಲಿ ಒಂದು ಚಿತ್ರ ತೆರೆದು, ಮುದ್ರಕಕ್ಕೆ ಒಂದು ಪುಟ ಕಳಿಸಿ, ಕಂಪ್ಯೂಟರನ್ನು ಮಲಗಿಸಿ ಎಬ್ಬಿಸುತ್ತೇನೆ. ಮಲಗಿಸಿ ಎಬ್ಬಿಸುವುದನ್ನು ಬಿಡಬೇಡಿ. ಜೋಡಿಸಿದ ಕಂಪ್ಯೂಟರುಗಳಲ್ಲಿ ಹೊಸ ಕರ್ನಲ್‌ನ ಮುನಿಸು ಹೆಚ್ಚಾಗಿ ಹೊರಬೀಳುವುದು ಅಲ್ಲೇ.

ಏಳದೇ ಹೋದರೆ

ಮೆನು ಬಂದು ಕರ್ನಲ್ ಮಾತ್ರ ಕೈಕೊಟ್ಟರೆ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆಯದನ್ನು ಆರಿಸಿ, ಅಷ್ಟೇ. ಮೆನುವೇ ಬರದಿದ್ದರೆ ಲೈವ್ ಪೆನ್‌ಡ್ರೈವ್ ಹಾಕಿ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್ಐ ಎಂದು ಬರೆದಿರುವುದನ್ನೇ ಆರಿಸಬೇಕು, ಇಲ್ಲದಿದ್ದರೆ ಫರ್ಮ್‌ವೇರ್ ಪಟ್ಟಿಗೆ ಏನನ್ನೂ ಬರೆಯಲಾಗುವುದಿಲ್ಲ. ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಡಿಸ್ಕ್‌ಗಳನ್ನು ಗಾತ್ರ ಮತ್ತು ಮಾಡೆಲ್ ನೋಡಿ ಗುರುತಿಸಿ. ಎರಡು ಎನ್‌ವಿಎಂಇ ಇದ್ದವರು ಹೆಸರನ್ನು ನಂಬಬಾರದು, 0 ಮತ್ತು 1 ಒಂದು ಸಲದಿಂದ ಇನ್ನೊಂದು ಸಲಕ್ಕೆ ಅದಲು ಬದಲಾಗಬಹುದು. ನನ್ನ ಕಂಪ್ಯೂಟರಿನ ಲೆಕ್ಕದಲ್ಲಿ ಕ್ರಮ ಹೀಗೆ:

ಸುಡೊ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ2 /ಎಂಎನ್‌ಟಿ
ಸುಡೊ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ1 /ಎಂಎನ್‌ಟಿ/ಬೂಟ್/ಇಎಫ್ಐ

ಆಮೇಲೆ ಡೆವ್, ಪ್ರಾಕ್, ಸಿಸ್, ರನ್ ಎಂಬ ನಾಲ್ಕು ಫೋಲ್ಡರ್‌ಗಳನ್ನೂ ಮೌಂಟ್ --ಆರ್‌ಬೈಂಡ್ ಬಳಸಿ ಎಂಎನ್‌ಟಿ ಒಳಗಿನ ಅದೇ ಹೆಸರಿನ ಜಾಗಗಳಿಗೆ ಸೇರಿಸಿ. ಬರಿಯ ಬೈಂಡ್ ಅಲ್ಲ, ಆರ್‌ಬೈಂಡ್. ಸಿಸ್ ಒಳಗಿರುವ ಇಎಫ್ಐ ವೇರಿಯಬಲ್‌ಗಳು ಜೊತೆಗೆ ಬರುವುದು ಆಗ ಮಾತ್ರ. ಸುಡೊ ಸಿಎಚ್‌ರೂಟ್ /ಎಂಎನ್‌ಟಿ ಎಂದು ಒಳಗೆ ಹೋದರೆ ನಿಮ್ಮದೇ ಡೆಬಿಯನ್‌ನೊಳಗೆ ಇದ್ದೀರಿ. ಅಲ್ಲಿ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್, ಅಪ್‌ಡೇಟ್-ಗ್ರಬ್ ಮೂರನ್ನೂ ಓಡಿಸಿ ಹೊರಬನ್ನಿ. ಮೂರು ಸಾಲಿನ ಆ ಪುಟ್ಟ ಫೈಲನ್ನೂ ಗ್ರಬ್-ಇನ್‌ಸ್ಟಾಲ್ ಹೊಸದಾಗಿ ಬರೆಯುತ್ತದೆ. ಬರೆದದ್ದು ಸರಿಯಿದೆಯೇ ಎಂದು ಅದರ ಯುಯುಐಡಿಯನ್ನು ಬಿಎಲ್‌ಕೆಐಡಿ ಜೊತೆ ಹೋಲಿಸಿಯೇ ರೀಸ್ಟಾರ್ಟ್ ಮಾಡಿ.

ಮದರ್‌ಬೋರ್ಡಿನ ಫರ್ಮ್‌ವೇರ್

ಫರ್ಮ್‌ವೇರ್ ಮತ್ತು ಕರ್ನಲ್ ಎರಡನ್ನೂ ಒಂದೇ ದಿನ ಬದಲಿಸಬಾರದು. ತೊಂದರೆ ಬಂದರೆ ಯಾವುದರಿಂದ ಎಂದು ಬಿಡಿಸಲಾಗುವುದಿಲ್ಲ. ಎರಡೂ ಎಷ್ಟು ಹೆಣೆದುಕೊಂಡಿವೆ ಎಂಬುದಕ್ಕೆ ರೈಜೆನ್ ಇರುವವರಿಗೆ ಗೊತ್ತಿರುವ ಒಂದು ನಿದರ್ಶನ ಎಫ್‌ಟಿಪಿಎಂ (ಕೀಲಿಗಳನ್ನು ಕಾಯುವ, ಪ್ರೊಸೆಸರಿನೊಳಗಿನ ಭದ್ರತಾ ವ್ಯವಸ್ಥೆ) ತಡವರಿಕೆ. ಎಫ್‌ಟಿಪಿಎಂ ಚಾಲೂ ಇದ್ದ ಕಂಪ್ಯೂಟರುಗಳು ಆಗಾಗ ಕ್ಷಣಕಾಲ ಸ್ತಬ್ಧವಾಗುತ್ತಿದ್ದವು. ಎಎಂಡಿ 2022ರಲ್ಲಿ ಬಯೋಸ್ ಮೂಲಕ ಪರಿಹಾರ ಕೊಟ್ಟಿತು. ಎಲ್ಲರೂ ಬಯೋಸ್ ಬದಲಿಸುವುದಿಲ್ಲವಲ್ಲ. 2023ರಲ್ಲಿ ಕರ್ನಲ್ ಕಡೆಯಿಂದಲೂ ಆ ಎಫ್‌ಟಿಪಿಎಂನಿಂದ ಯಾದೃಚ್ಛಿಕ ಸಂಖ್ಯೆ ಪಡೆಯುವುದನ್ನು ನಿಲ್ಲಿಸಲಾಯಿತು.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳುವಂತಿಲ್ಲ. ಕರ್ನಲ್ ಅಪ್‌ಡೇಟ್ ನಡುವೆ ಹೋದರೆ ಹಳೆಯ ಕರ್ನಲ್ ಕಾಯುತ್ತದೆ. ಬಯೋಸ್ ಬರೆಯುವ ನಡುವೆ ಹೋದರೆ ಬೋರ್ಡೇ ಸತ್ತಂತೆ, ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡ್‌ಗಳಷ್ಟೇ ಬದುಕಿಯಾವು. ಯುಪಿಎಸ್‌ನ ಬ್ಯಾಟರಿ ಗಟ್ಟಿಯಾಗಿದೆ ಎಂದು ಗೊತ್ತಿದ್ದರೆ ಮಾತ್ರ ಕೈಹಾಕಿ. ಮೊದಲು ಬಯೋಸ್‌ನ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ: ರ‍್ಯಾಮ್‌ನ ಎಕ್ಸ್‌ಎಂಪಿ, ಎಸ್‌ವಿಎಂ, ಸೆಕ್ಯೂರ್ ಬೂಟ್, ಫ್ಯಾನ್ ವೇಗ ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಮರಳಬಹುದು. ವಿಂಡೋಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಲಿ ಕಾಗದದ ಮೇಲೆ ಬರೆದಿಡಿ. ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ವೈ ಅಥವಾ ಎನ್ ಕೇಳಿದರೆ ಆ ಕೀಲಿ ಕೈಯಲ್ಲಿಲ್ಲದೆ ವೈ ಒತ್ತಬೇಡಿ.

ಫರ್ಮ್‌ವೇರ್ ಬದಲಾದ ಮೇಲೆ ಕೆಲವು ಬೋರ್ಡ್‌ಗಳು ಬೂಟ್ ಪಟ್ಟಿಯನ್ನೇ ಅಳಿಸಿಹಾಕುತ್ತವೆ. ನೇರ ವಿಂಡೋಸ್ ಎದ್ದರೆ ಲಿನಕ್ಸ್ ಹೋಯಿತೆಂದು ತಿಳಿಯಬೇಡಿ, ಹೋಗಿರುವುದು ಪಟ್ಟಿಯ ಒಂದು ಸಾಲು. ಇದಕ್ಕೆ ಮೊದಲೇ ಮಾಡಬಹುದಾದ ಉಪಾಯವಿದೆ. ಪಟ್ಟಿಯಲ್ಲಿ ಏನೂ ಸಿಗದಿದ್ದಾಗ ಫರ್ಮ್‌ವೇರ್ ಇಎಫ್ಐ ಪಾರ್ಟಿಷನ್‌ನ ಬೂಟ್ ಎಂಬ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಎಂಬ ಫೈಲನ್ನು ಹುಡುಕುತ್ತದೆ. ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಇಎಫ್ಐ-ಎಎಂಡಿ64 ಎಂದು ಕೊಟ್ಟರೆ ಅಲ್ಲಿಗೂ ಗ್ರಬ್ ಹಾಕಲೇ ಎಂದು ಡೆಬಿಯನ್ ಕೇಳುತ್ತದೆ. ಲಿನಕ್ಸ್‌ಗೆ ತನ್ನದೇ ಡಿಸ್ಕಿನಲ್ಲಿ ತನ್ನದೇ ಇಎಫ್ಐ ಪಾರ್ಟಿಷನ್ ಇದ್ದರೆ ಹೌದು ಎನ್ನಿ. ಎರಡು ವ್ಯವಸ್ಥೆಗಳನ್ನು ಎರಡು ಡಿಸ್ಕಿನಲ್ಲಿ, ಎರಡು ಇಎಫ್ಐ ಪಾರ್ಟಿಷನ್ನುಗಳಲ್ಲಿ ಇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಸೆಕ್ಯೂರ್ ಬೂಟ್ ಬಗ್ಗೆ ಒಂದು ಮಾತು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಬಂದಾಗ ಎರಡೂ ವ್ಯವಸ್ಥೆ ಇದ್ದ ಹಲವು ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳದೆ, ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್ ಎಂಬ ಸಾಲು ಬಂತು. ಹಳೆಯ ಶಿಮ್ ಆವೃತ್ತಿಗಳನ್ನು ಒಪ್ಪಬೇಡ ಎಂದು ಆ ಅಪ್‌ಡೇಟ್ ಬೂಟ್ ವ್ಯವಸ್ಥೆಗೆ ಹೇಳಿಬಿಟ್ಟಿತ್ತು. ಪರಿಹಾರ: ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸ್‌ಗೆ ಬಂದು, ಸುಡೊ ಮೋಕ್‌ಯುಟಿಲ್ --ಸೆಟ್-ಎಸ್‌ಬ್ಯಾಟ್-ಪಾಲಿಸಿ ಡಿಲೀಟ್ ಎಂದು ಕೊಟ್ಟು, ಒಮ್ಮೆ ಮತ್ತೆ ಲಿನಕ್ಸ್ ಏಳಿಸಿ, ಶಿಮ್ ಪ್ಯಾಕೇಜ್ ಹೊಸದು ಮಾಡಿ, ಸೆಕ್ಯೂರ್ ಬೂಟ್ ಮರಳಿ ಹಾಕುವುದು. ಕರ್ನಲ್ ಮಾತ್ರ ಬೇಕು, ಬೂಟ್‌ಲೋಡರ್ ಹಾಗೇ ಇರಲಿ ಎಂದು ಗ್ರಬ್, ಶಿಮ್ ಪ್ಯಾಕೇಜ್‌ಗಳನ್ನು ತಡೆಹಿಡಿದು ಕೂರುವವರಿಗೆ ಇಂಥದ್ದು ಬೇಗ ತಟ್ಟುತ್ತದೆ. ಶಿಮ್‌ಗೆ ಸಹಿ ಹಾಕುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರದ ಅವಧಿ 2026ರ ಜೂನ್‌ವರೆಗೆ. ಅದರ ಜಾಗಕ್ಕೆ ಬಂದಿರುವ 2023ರ ಕೀಲಿ ನಿಮ್ಮ ಬೋರ್ಡ್‌ನಲ್ಲಿ ಇದೆಯೇ ಎಂದು ಮೋಕ್‌ಯುಟಿಲ್ --ಡಿಬಿ ಉತ್ತರದಲ್ಲಿ ಹುಡುಕಿ ನೋಡಿ. ಇಲ್ಲದಿದ್ದರೆ ಬೋರ್ಡ್ ತಯಾರಕರ ಹೊಸ ಬಯೋಸ್ ಹಾಕಲು ಅದೊಂದು ಒಳ್ಳೆಯ ಕಾರಣ.

ಫೆಡೋರಾ ಬಳಸುವವರಿಗೆ ಡಿಎನ್‌ಎಫ್ (ಆಪ್ಟ್‌ನ ಕೆಲಸ ಅಲ್ಲಿ ಮಾಡುವುದು) ಮೂರು ಕರ್ನಲ್‌ಗಳನ್ನು ತಾನೇ ಉಳಿಸಿಕೊಡುತ್ತದೆ. ಆರ್ಚ್‌ನಲ್ಲಿ ಹೊಸ ಕರ್ನಲ್ ಹಳೆಯದನ್ನು ಅಳಿಸಿಯೇ ಬರುವುದರಿಂದ ಲಿನಕ್ಸ್-ಎಲ್‌ಟಿಎಸ್ ಪ್ಯಾಕೇಜನ್ನೂ ಜೊತೆಗೆ ಹಾಕಿಕೊಳ್ಳಲೇಬೇಕು. ಆರ್ಚ್‌ನಲ್ಲಿ ಗ್ರಬ್ ಪ್ಯಾಕೇಜ್ ಬದಲಾದರೆ ಗ್ರಬ್-ಇನ್‌ಸ್ಟಾಲ್ ನೀವೇ ಓಡಿಸಬೇಕು. 2022ರ ಆಗಸ್ಟ್‌ನಲ್ಲಿ ಅದನ್ನು ಓಡಿಸದೆ ಮೆನು ಫೈಲ್ ಮಾತ್ರ ಹೊಸದು ಮಾಡಿದವರ ಕಂಪ್ಯೂಟರುಗಳು ಏಳದೆ ಉಳಿದಿದ್ದವು. ಸಾಗರದ ಮೇಷ್ಟ್ರಿಗೆ ಆದಂತೆಯೇ, ಹೊಸ ಅರ್ಧ ಮತ್ತು ಹಳೆಯ ಅರ್ಧದ ಜಗಳ.

ಹೊಸ ಕರ್ನಲ್ ಒಂದೆರಡು ವಾರ ನಿಮ್ಮ ಎಲ್ಲ ಕೆಲಸಕ್ಕೂ ನಿಂತ ಮೇಲೆ ಸುಡೊ ಆಪ್ಟ್ ಆಟೋರಿಮೂವ್ ಕೊಟ್ಟು ತೀರಾ ಹಳೆಯದನ್ನು ತೆಗೆಯಿರಿ. ಹೌದು ಎನ್ನುವ ಮೊದಲು ಅದು ತೋರಿಸುವ ಪಟ್ಟಿಯಲ್ಲಿ ಲಿನಕ್ಸ್-ಇಮೇಜ್ ಎಂದು ಶುರುವಾಗುವ ಹೆಸರುಗಳನ್ನು ಓದಿ, ಓಡುತ್ತಿರುವುದರ ಜೊತೆ ಇನ್ನೊಂದಾದರೂ ಉಳಿಯುತ್ತದೆ ಎಂದು ಖಚಿತವಾದರೆ ಎಂಟರ್ ಒತ್ತಿ.